ಹಾಡುಹಗಲಿನಲ್ಲಿ ಬೆಳ್ಳಿಯ ಛಾಯಾಚಿತ್ರ

ಸೂರ್ಯಚಂದ್ರರನ್ನು ಬಿಟ್ಟರೆ ಆಕಾಶದಲ್ಲಿ ಅತ್ಯಂತ ಪ್ರಕಾಶಮಾನನಾದ ಶುಕ್ರನು, ಎಂದರೆ ಬೆಳ್ಳಿಯು, ಹಗಲಿನಲ್ಲಿಯೂ ಬರಿಗಣ್ಣಿಗೆ ಗೋಚರನಾಗಬಲ್ಲನೆಂಬುದೂ, 300 ಮಿಲಿಮೀಟರ್ ಜೂಮ್ ಲೆನ್ಸುಳ್ಳ ಸಾಮಾನ್ಯ ಡಿಜಿಟಲ್ ಕ್ಯಾಮೆರಾ ಅವನ ಕಲೆಯನ್ನು (ಬೆಳಗಿದ ಭಾಗದ ಆಕಾರವನ್ನು) ಸೆರೆಹಿಡಿಯಬಲ್ಲುದೆಂಬುದೂ ಅನೇಕರಿಗೆ ತಿಳಿಯದ ಸಂಗತಿ. 2027ರ ಜನವರಿ 3ರಂದು ಶುಕ್ರನು ಸೂರ್ಯನಿಂದ ಪಶ್ಚಿಮಕ್ಕೆ 47 ಡಿಗ್ರಿಗಳಷ್ಟು ದೂರದಲ್ಲಿರುವನಾದ್ದರಿಂದ, ಮಳೆಗಾಲ ಕಳೆದು ಆಕಾಶವು ತಿಳಿಯಾಗಿರುವ ಆ ದಿನಗಳಲ್ಲಿ ಕಲಬುರಗಿ ಜಿಲ್ಲೆಯ ಮಹಾಗಾಂವದ ಬಯಲು ಈ ಕಾರ್ಯಕ್ಕೆ ಪ್ರಶಸ್ತವಾದುದು.

1. ಸ್ಥಳ: ಹುಮನಾಬಾದ ಹೆದ್ದಾರಿಯ ಲಾರಿಗಳ ಅದುರಿನಿಂದಲೂ ತೊಗರಿ ರಾಶಿಯ ಧೂಳಿನಿಂದಲೂ ದೂರವಾಗಿ, ಪೂರ್ವ ಮತ್ತು ಆಗ್ನೇಯಕ್ಕೆ ಗೋಡೆಯ ಮರೆಯಿದ್ದು ದಕ್ಷಿಣಕ್ಕೆ ಆಕಾಶ ತೆರೆದಿರುವ ಎಡೆಯನ್ನು ಆರಿಸಬೇಕು. ಲೆನ್ಸಿನ ಮೂಲಕ ಸೂರ್ಯನನ್ನು ಕ್ಷಣಮಾತ್ರ ನೋಡಿದರೂ ದೃಷ್ಟಿಗೆ ಶಾಶ್ವತವಾದ ಹಾನಿಯಾದೀತು. ಆದುದರಿಂದ ಗೋಡೆಯ ನೆರಳಿನಲ್ಲಿಯೇ ನಿಂತು, ನೆರಳು ಸರಿದಂತೆ ತಾವೂ ಸರಿಯತಕ್ಕದ್ದು.

2. ಗುರುತು: ಕಷ್ಟವೆಲ್ಲ ಕಾಣುವುದರಲ್ಲಿಯೇ ಇದೆ. ಬರಿಯ ನೀಲಿಯಲ್ಲಿ ನೆಲೆಗಾಣದ ಕಣ್ಣು ದೂರಕ್ಕೆ ಹೊಂದಿಕೊಳ್ಳದೆ, ಎದುರಿಗಿರುವ ಚುಕ್ಕೆಯನ್ನೂ ತಪ್ಪಿಸಿಬಿಡುತ್ತದೆ. ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚೆಯೇ ಬೆಳ್ಳಿಯನ್ನು ಆಗ್ನೇಯದಲ್ಲಿ ಕಂಡು, ಬೇವಿನ ಕೊಂಬೆಯ ತುದಿಗೋ ಗೋಡೆಯ ಮೂಲೆಗೋ ಹೊಂದಿಸಿಟ್ಟುಕೊಂಡು, ಹತ್ತು ಹತ್ತು ನಿಮಿಷಕ್ಕೆ ಹೊಸ ಗುರುತು ಹಿಡಿಯುತ್ತ ಹೋಗಬೇಕು. ಅಷ್ಟರಲ್ಲಿ ಅದು ಸುಮಾರು ಎರಡೂವರೆ ಡಿಗ್ರಿ, ಎಂದರೆ ನೀಡಿದ ಕೈಯ ಹೆಬ್ಬೆರಳಿನ ಅಗಲಕ್ಕಿಂತ ತುಸು ಹೆಚ್ಚು, ಬಲಮೇಲಕ್ಕೆ ಸರಿದಿರುತ್ತದೆ.

3. ಫೋಕಸ್: ಹಗಲಿನ ಬರಿಯ ಆಕಾಶದಲ್ಲಿ ಆಟೋಫೋಕಸ್ ಸೋಲುವುದರಿಂದ, ನಸುಕಿನಲ್ಲಿಯೇ ಪರದೆಯ ಮೇಲೆ ಶುಕ್ರನನ್ನು ಹಿಗ್ಗಿಸಿ ನೋಡಿ ಫೋಕಸ್ ಮಾಡಿ, ಮ್ಯಾನ್ಯುವಲ್‌ಗೆ ತಿರುಗಿಸಿ, ಉಂಗುರಕ್ಕೆ ಟೇಪು ಅಂಟಿಸಿಬಿಡಬೇಕು.

4. ಚಿತ್ರಗ್ರಹಣ: ಬೆಳಗಿನ ಒಂಬತ್ತರ ಸುಮಾರಿಗೆ ಶುಕ್ರನು ದಕ್ಷಿಣದಲ್ಲಿ ಉನ್ನತನಾಗಿದ್ದು, ಸೂರ್ಯನು ಆಗ್ನೇಯದಲ್ಲಿ ಇನ್ನೂ ತಗ್ಗಿನಲ್ಲಿರುವಾಗ, ಟ್ರೈಪಾಡಿನ ಮೇಲೆ ಐಎಸ್‌ಒ 100, ಅಪರ್ಚರ್ ಎಫ್/8, ಶಟರ್ ವೇಗ ಸೆಕೆಂಡಿನ 1/1000 ಎಂದಿಟ್ಟು, ಎರಡು ಸೆಕೆಂಡಿನ ಟೈಮರಿನಿಂದ ಇಪ್ಪತ್ತು ಮೂವತ್ತು ಚಿತ್ರಗಳನ್ನು ತೆಗೆಯಬೇಕು. ಆಕಾಶವು ಗಾಢ ನೀಲಿಯಾಗಿ ಬರುವಂತೆ ಶಟರ್ ವೇಗವನ್ನು ಹೆಚ್ಚುಕಡಿಮೆ ಮಾಡಿಕೊಳ್ಳಬಹುದು.

5. ಪರೀಕ್ಷೆ: ಚಿತ್ರದಲ್ಲಿ ಶುಕ್ರನ ವ್ಯಾಸ ಹತ್ತು ಪಿಕ್ಸೆಲ್ಲುಗಳ ಆಸುಪಾಸಿನಲ್ಲಿರುವುದರಿಂದ ಹಿಗ್ಗಿಸಿಯೇ ನೋಡಬೇಕು. ಎಲ್ಲ ಚಿತ್ರಗಳಲ್ಲಿಯೂ ಒಂದೇ ಸ್ಥಾನದಲ್ಲಿ ಕದಲದೆ ನಿಂತ ಚುಕ್ಕೆಯು ಸೆನ್ಸರಿನ ದೋಷ. ಚಿತ್ರದಿಂದ ಚಿತ್ರಕ್ಕೆ ಸರಿಯುತ್ತ, ಅರ್ಧಚಂದ್ರಾಕೃತಿಯಲ್ಲಿದ್ದು, ಬೆಳಗಿದ ಪಾರ್ಶ್ವವನ್ನು ಎಡಕೆಳಗೆ ಸೂರ್ಯನಿದ್ದ ಕಡೆಗೇ ತಿರುಗಿಸಿಕೊಂಡಿರುವುದು ಶುಕ್ರನೆಂದು ನಿಸ್ಸಂದೇಹವಾಗಿ ತಿಳಿಯಬಹುದು.