ಮೂವತ್ತು ರೀಲಿನ ಬೆಲೆಯ ಲೆನ್ಸು

ಹ್ಯಾಸೆಲ್‌ಬ್ಲಾಡ್ ಎಕ್ಸ್‌ಪ್ಯಾನ್ ಕ್ಯಾಮೆರಾದ 90 ಎಂಎಂ ಲೆನ್ಸು ಸೆಕೆಂಡ್‌ಹ್ಯಾಂಡಿನಲ್ಲಿ, ಕೊರಿಯರ್, ಸುಂಕ ಎಲ್ಲ ಸೇರಿ ನನ್ನ ಮನೆ ತಲುಪುವಾಗ ಸುಮಾರು ₹60,000 ಆಗುತ್ತದೆ. ಕಲರ್ ನೆಗೆಟಿವ್ ರೀಲು, ಡೆವಲಪಿಂಗ್, ಅಗಲದ ಫ್ರೇಮುಗಳನ್ನು ಒಂದೊಂದಾಗಿ ಸ್ಕ್ಯಾನ್ ಮಾಡಿಸುವ ಖರ್ಚು ಕೂಡಿಸಿದರೆ ಒಂದು ರೀಲಿಗೆ ನನಗೆ ಹತ್ತಿರ ಹತ್ತಿರ ₹2,000 ಬೀಳುತ್ತದೆ. 36ರ ರೀಲಿನಲ್ಲಿ ಸಿಗುವುದು 21 ಪನೋರಮಾ. ಅಲ್ಲಿಗೆ ಒಂದು ಕ್ಲಿಕ್ಕಿಗೆ ₹95. ಲೆನ್ಸು ಕೊಂಡರೆ 30 ರೀಲು, ಅಂದರೆ 630 ಚಿತ್ರ ಬಿಟ್ಟುಕೊಟ್ಟ ಹಾಗೆ.

ಹವ್ಯಾಸದ ಖರ್ಚನ್ನು ಆ ಹವ್ಯಾಸದ ನಾಣ್ಯದಲ್ಲೇ ಎಣಿಸಬೇಕು ಅನ್ನುವವನು ನಾನು. ಅರವತ್ತು ಸಾವಿರವನ್ನು ಸಂಬಳದ ಪಕ್ಕ ಇಟ್ಟು ನೋಡಿದರೆ ಒಮ್ಮೆ ದೊಡ್ಡದಾಗಿ, ಒಮ್ಮೆ ಚಿಕ್ಕದಾಗಿ ಕಾಣುತ್ತದೆ. ಮೂವತ್ತು ರೀಲು ಅಂದಾಗ ಮಾತ್ರ ಏನನ್ನು ಕಳೆದುಕೊಳ್ಳುತ್ತಿದ್ದೇನೆ ಅನ್ನುವುದು ಕಣ್ಣಿಗೆ ಕಟ್ಟುತ್ತದೆ.

ಈ ಕ್ಯಾಮೆರಾ ಗೊತ್ತಿಲ್ಲದವರಿಗೆ ಎರಡು ಮಾತು. ಫ್ಯೂಜಿಫಿಲ್ಮ್ ಜತೆಗೂಡಿ ಹ್ಯಾಸೆಲ್‌ಬ್ಲಾಡ್ 1998ರಲ್ಲಿ ಇದನ್ನು ತಂದಿತು. ಜಪಾನಿನಲ್ಲಿ ಅದೇ ಕ್ಯಾಮೆರಾ ಫ್ಯೂಜಿ ಟಿಎಕ್ಸ್-1 ಹೆಸರಿನಲ್ಲಿ ಮಾರಾಟವಾಯಿತು. ಮಾಮೂಲಿ 35 ಎಂಎಂ ರೀಲಿನಲ್ಲೇ 24 × 65 ಮಿಲಿಮೀಟರ್ ಅಗಲದ ನೆಗೆಟಿವ್ ಕೊಡುತ್ತದೆ. ಲೆನ್ಸು ಮೂರೇ: 30, 45, 90. ನನ್ನ ಹತ್ತಿರ ಇರುವುದು 45. ಪನೋರಮಾ ಅಗಲದಲ್ಲಿ ಅದು ಸಾಮಾನ್ಯ ಕ್ಯಾಮೆರಾದ 25 ಎಂಎಂ ಲೆನ್ಸಿನಷ್ಟು ನೋಟವನ್ನು ಹಿಡಿಯುತ್ತದೆ. 90 ಹಾಕಿದರೆ ಸುಮಾರು 50 ಎಂಎಂ ಲೆನ್ಸಿನಷ್ಟು. ಹಾಗಾಗಿ ಟೆಲಿ ಎಂದು ಕರೆದರೂ ಹಕ್ಕಿ ಹಿಡಿಯುವ ದುರ್ಬೀನಿನಂಥ ಲೆನ್ಸು ಇದಲ್ಲ.

ಇಂಥ ಲೆನ್ಸು ನಮ್ಮಲ್ಲಿ ಬಾಡಿಗೆಗೆ ಸಿಗುವುದಿಲ್ಲ. ಡಿಜಿಟಲ್ ಲೆನ್ಸುಗಳ ಹಾಗೆ ಎರಡು ದಿನ ತಂದು ನೋಡಿ ವಾಪಸ್ ಕೊಡುವ ಅನುಕೂಲ ಇಲ್ಲ. ನಾನು ಹುಡುಕಿಕೊಂಡ ದಾರಿಗೆ ಒಂದು ಕಪ್ಪು ರಟ್ಟು ಸಾಕಾಯಿತು. ಫೋಕಲ್ ಲೆಂತ್ ಎರಡರಷ್ಟಾದರೆ ನೋಟದ ಅಗಲ, ಎತ್ತರ ಎರಡೂ ಅರ್ಧಕ್ಕೆ ಇಳಿಯುತ್ತವೆ. ಆದ್ದರಿಂದ ರಟ್ಟಿನಲ್ಲಿ 32.5 × 12 ಮಿಲಿಮೀಟರಿನ ಕಿಂಡಿ ಕೊರೆದು, ಲೈಟ್‌ಬಾಕ್ಸಿನ ಮೇಲೆ ಹರಡಿದ ಹಳೆಯ ನೆಗೆಟಿವ್‌ಗಳ ಮೇಲೆ ಸರಿಸುತ್ತ ಹೋದೆ. ಅದೇ ಜಾಗದಲ್ಲಿ ನಿಂತು 90 ಹಾಕಿದ್ದರೆ ಏನು ಸಿಗುತ್ತಿತ್ತೋ ಅದೇ ಆ ಕಿಂಡಿಯಲ್ಲಿ ಕಾಣುತ್ತದೆ. ಲೂಪ್ ಹಿಡಿದು ಒಂದೊಂದೇ ಪಟ್ಟಿ ನೋಡಿದೆ.

ಪೇಟೆಯ ಚಿತ್ರಗಳು ಕಿಂಡಿಯೊಳಗೆ ಸೊರಗಿದವು. ಅಂಗಡಿಯ ಜಗಲಿ, ಪಕ್ಕದಲ್ಲಿ ನಿಂತ ಸೈಕಲ್ಲು, ಇನ್ನೊಂದು ತುದಿಯಲ್ಲಿ ಮಾತಾಡುತ್ತಿರುವ ಇಬ್ಬರು ಒಟ್ಟಿಗೆ ಇದ್ದರೇ ಆ ಚಿತ್ರಕ್ಕೆ ಜೀವ. ಯಾವುದೊಂದನ್ನು ಕತ್ತರಿಸಿದರೂ ಏನೂ ಉಳಿಯದು. ಬೆಟ್ಟದ ಚಿತ್ರಗಳ ಕತೆ ಬೇರೆಯೇ ಆಯಿತು. ಮುಳ್ಳಯ್ಯನಗಿರಿಯಿಂದ ತೆಗೆದವುಗಳಲ್ಲಿ ಕೆಳಗಿನ ಅರ್ಧ ಬರೀ ಹುಲ್ಲು, ಮೇಲೆ ಖಾಲಿ ಆಕಾಶ, ನಡುವೆ ಗಿರಿಸಾಲು ಒಂದು ತೆಳುವಾದ ಗೆರೆ. ಕಿಂಡಿ ಇಟ್ಟ ಕೂಡಲೇ ಆ ಗೆರೆ ಬಿಚ್ಚಿಕೊಂಡು ಒಂದರ ಹಿಂದೆ ಒಂದು ಬೆಟ್ಟವಾಗಿ ನಿಂತಿತು. ಹಂಪಿಯ ಮಾತಂಗ ಬೆಟ್ಟದ ಮೇಲಿಂದ ತೆಗೆದ ಅಚ್ಯುತರಾಯ ದೇವಸ್ಥಾನದ ಚಿತ್ರವೂ ಹಾಗೆಯೇ: 45ರಲ್ಲಿ ಗುಂಡುಗಳ ನಡುವೆ ಹುಡುಕಬೇಕಾದ ಗೋಪುರ, ಕಿಂಡಿಯಲ್ಲಿ ಪ್ರಾಕಾರದ ಸಮೇತ ಎದ್ದು ಕಂಡಿತು.

ದೂರವಾದರೆ ನಾಲ್ಕು ಹೆಜ್ಜೆ ಮುಂದೆ ಹೋಗು, ಲೆನ್ಸಿಗೆ ದುಡ್ಡು ಯಾಕೆ ಹಾಕುತ್ತೀಯಾ ಎಂದು ಹಿರಿಯ ಛಾಯಾಗ್ರಾಹಕರು ಬುದ್ಧಿ ಹೇಳುತ್ತಾರೆ. ಸಂತೆಯಲ್ಲಿ, ಜಾತ್ರೆಯಲ್ಲಿ ಅದು ನೂರಕ್ಕೆ ನೂರು ನಿಜ. ಮಾತಂಗದ ನೆತ್ತಿಯಲ್ಲಿ ನಾಲ್ಕು ಹೆಜ್ಜೆ ಮುಂದೆ ಇಟ್ಟರೆ ಪ್ರಪಾತ. ಹಾಗಾದರೆ ಇರುವ ನೆಗೆಟಿವನ್ನೇ ಕತ್ತರಿಸಿ ದೊಡ್ಡದು ಮಾಡಿಸಬಹುದಲ್ಲ? ಮಾಡಿಸಬಹುದು, ಆದರೆ ಆಗ ಉಳಿಯುವುದು ನೆಗೆಟಿವಿನ ಕಾಲು ಭಾಗ. 65 ಸೆಂಟಿಮೀಟರ್ ಅಗಲದ ಪ್ರಿಂಟಿಗೆ ಪೂರ್ತಿ ಫ್ರೇಮನ್ನು 10 ಪಟ್ಟು ಹಿಗ್ಗಿಸಿದರೆ ಸಾಕು, ಕತ್ತರಿಸಿದ್ದನ್ನು 20 ಪಟ್ಟು ಹಿಗ್ಗಿಸಬೇಕು. ದೂರದ ಬೆಟ್ಟದ ಮಂಜೆಲ್ಲ ಗ್ರೇನ್ ಆಗಿಬಿಡುತ್ತದೆ. ಗೋಡೆಗೆ ಹಾಕುವ ಪ್ರಿಂಟಿಗಾಗಿಯೇ ನಾನು ಈ ಕ್ಯಾಮೆರಾ ಹೊರುವುದು, ಹಾಗಾಗಿ ಅಲ್ಲಿ ನನಗೆ ರಾಜಿ ಇಲ್ಲ.

ಇಷ್ಟಾದ ಮೇಲೆ ನನ್ನವಳು ಕೇಳಿದ ಪ್ರಶ್ನೆ ಎಲ್ಲಕ್ಕಿಂತ ತೂಕದ್ದು: "ರೀ, ಆ ಕ್ಯಾಮೆರಾನೇ ಕೆಟ್ಟು ಕೂತ್ರೆ ಈ ಲೆನ್ಸ್ ಇಟ್ಕೊಂಡು ಏನ್ಮಾಡ್ತೀರಿ?" ಎಕ್ಸ್‌ಪ್ಯಾನ್ ತಯಾರಿಕೆ 2006ರಲ್ಲೇ ನಿಂತಿದೆ. ರೀಲು ಎಳೆಯುವುದು ಮೋಟರು, ಷಟರಿಗೂ ಬ್ಯಾಟರಿಯೇ ಬೇಕು. ಒಳಗಿನ ಎಲೆಕ್ಟ್ರಾನಿಕ್ಸ್ ಕೈಕೊಟ್ಟರೆ ಹೊಸ ಬಿಡಿಭಾಗ ಸಿಗುವುದು ಕಷ್ಟ. ಇನ್ನೊಂದು ಬಾಡಿ ಕೊಳ್ಳೋಣವೆಂದರೆ ಬೆಲೆ ಲಕ್ಷಗಳ ಲೆಕ್ಕದಲ್ಲಿದೆ. ಈ ಲೆನ್ಸುಗಳನ್ನು ಹ್ಯಾಸೆಲ್‌ಬ್ಲಾಡಿನ ಎಕ್ಸ್ ಸರಣಿಯ ಡಿಜಿಟಲ್ ಕ್ಯಾಮೆರಾಗೆ ಹಾಕಲು ಅಡಾಪ್ಟರ್ ಇದೆ, ಆದರೆ ಆ ಕ್ಯಾಮೆರಾ ನನ್ನ ಅಳವಿನದಲ್ಲ. ಹಾಗಾಗಿ ಅಡಾಪ್ಟರಿನಿಂದ ನನಗೆ ಸಿಗುವ ಧೈರ್ಯ ಇಷ್ಟೇ: ನನ್ನ ಬಾಡಿ ಸತ್ತರೂ ಲೆನ್ಸು ಕೊಳ್ಳುವ ಗಿರಾಕಿ ಎಲ್ಲೋ ಇರುತ್ತಾನೆ. ರಿಪೇರಿಗೆಂದು ಬೇರೆ ಖಾತೆಯಲ್ಲಿ ಇಟ್ಟ ಹಣವನ್ನು ಲೆನ್ಸಿಗೆ ತೆಗೆಯುವುದಿಲ್ಲ ಎಂದು ಅವಳಿಗೆ ಮಾತು ಕೊಟ್ಟೆ. ಅದು ಮುಟ್ಟಬಾರದ ಹಣ. ಇಎಂಐ ಬೇಡ ಎಂದೂ ಇಬ್ಬರೂ ಒಪ್ಪಿದೆವು. ತಿಂಗಳ ಕಂತು ಕಟ್ಟುವಾಗ ಮೊದಲು ನಿಲ್ಲುವುದು ರೀಲು ಕೊಳ್ಳುವುದೇ.

ಹಾಗಾದರೆ ದುಡ್ಡು ಎಲ್ಲಿಂದ? ಬೀರುವಿನಲ್ಲಿ ಸುಮ್ಮನೆ ಕೂತಿದ್ದ ಡಿಜಿಟಲ್ ಜೂಮ್ ಲೆನ್ಸು ಮಾರಿದೆ, ₹35,000 ಬಂತು. ಹೊಸ ಮಾದರಿ ಬಂದಂತೆಲ್ಲ ಅದರ ಬೆಲೆ ಇಳಿಯುತ್ತಿತ್ತು, ಇನ್ನು ಕಾಯುವುದರಲ್ಲಿ ಅರ್ಥವಿರಲಿಲ್ಲ. ಉಳಿದ ₹25,000 ಈ ಸೆಪ್ಟೆಂಬರಿನಲ್ಲಿ ಮುಗಿಯುವ ಆರ್‌ಡಿಯಿಂದ. ಮೂವತ್ತು ರೀಲಿನ ಲೆಕ್ಕ ಹೀಗೆ ಹನ್ನೆರಡೂವರೆ ರೀಲಿಗೆ ಇಳಿಯಿತು. ಸಣ್ಣದಾದರೂ ಇನ್ನೊಂದು ಉಳಿತಾಯವಿದೆ: 45, 90 ಎರಡಕ್ಕೂ ಫಿಲ್ಟರ್ ಅಳತೆ 49 ಎಂಎಂ, ಇರುವ ಫಿಲ್ಟರುಗಳೇ ಸಾಕು. ಅಂಚು ಕಪ್ಪಾಗದಿರಲು 45ಕ್ಕೆ ಬೇಕೆನಿಸುವ ದುಬಾರಿ ಸೆಂಟರ್ ಫಿಲ್ಟರಿನ ಗೊಡವೆಯೂ 90ಕ್ಕೆ ಇಲ್ಲ.

ಮಾರುವವರಿಗೆ ಎರಡು ಕೋರಿಕೆ ಕಳಿಸಿದ್ದೇನೆ. ಅಪರ್ಚರ್ ಪೂರ್ತಿ ತೆರೆದು, ಲೆನ್ಸಿನ ಹಿಂದಿನಿಂದ ಮೊಬೈಲ್ ಟಾರ್ಚ್ ಹಾಯಿಸಿ, ಮುಂದಿನಿಂದ ಓರೆಯಾಗಿ ವಿಡಿಯೊ ತೆಗೆದು ಕಳಿಸಬೇಕು. ಒಳಗಾಜಿನ ಮೇಲೆ ಕವಲೊಡೆದ ಎಳೆಗಳು ಕಂಡರೆ ಅದು ಫಂಗಸ್. ಮಲೆನಾಡಿನ ಮಳೆಗಾಲದಲ್ಲಿ ಅದನ್ನು ಸಾಕುವುದು ನನ್ನಿಂದಾಗದು. ಎರಡನೆಯದು, ಲೆನ್ಸು ಬಂದ ಮೇಲೆ ಒಂದು ರೀಲು ತೆಗೆದು ಡೆವಲಪ್ ಮಾಡಿಸಿ ನೋಡುವಷ್ಟು ದಿನ ವಾಪಸಾತಿಗೆ ಅವಕಾಶ ಇರಬೇಕು. ಎಕ್ಸ್‌ಪ್ಯಾನ್ ರೇಂಜ್‌ಫೈಂಡರ್ ಕ್ಯಾಮೆರಾ, ಫೋಕಸ್ ಕೂಡಿದೆಯೋ ಇಲ್ಲವೋ ಎಂದು ಲೆನ್ಸಿನ ಮೂಲಕ ನೋಡಿ ತಿಳಿಯಲಾಗದು, ನೆಗೆಟಿವೇ ಹೇಳಬೇಕು. ಎರಡಕ್ಕೂ ಒಪ್ಪಿದರೆ ಆರ್‌ಡಿ ಕೈಗೆ ಬಂದ ವಾರವೇ ಹಣ ಕಳಿಸುತ್ತೇನೆ. ಒಪ್ಪದಿದ್ದರೆ ಬೇರೆಯವರನ್ನು ಹುಡುಕುತ್ತೇನೆ. ಮಳೆ ತೊಳೆದ ಗಾಳಿಯಲ್ಲಿ ಗಿರಿಸಾಲು ನಿಚ್ಚಳವಾಗಿ ಕಾಣುವ ನವೆಂಬರ್ ಬರಲು ಇನ್ನೂ ಸಮಯವಿದೆ.