ಘಾಟಿ ದಾಟಿ ಇಳಿದು ನೋಡಿ

ಮಕ್ಕಳೇ, ಸಿಯಾಟಲ್‌ಗೆ ಬಂದು ವರ್ಷ ತುಂಬುವುದರೊಳಗೆ ನೀವು ಮೌಂಟ್ ಸೈ, ರ್‍ಯಾಟಲ್‌ಸ್ನೇಕ್ ಲೆಡ್ಜ್ ಎಲ್ಲ ಹತ್ತಿ ಮುಗಿಸಿರುತ್ತೀರಿ. ನೋಡಿ ಖುಷಿಯಾಗುತ್ತದೆ. ಆದರೆ ಸ್ನೊಕ್ವಾಲ್ಮಿ ಘಾಟಿಯ ಆಚೆ ಕಾರು ನಿಲ್ಲಿಸುವವರು ಕಡಿಮೆ. ಆ ಒಳನಾಡನ್ನು ತಿಳಿದುಕೊಳ್ಳಿ ಅನ್ನುವುದೇ ನನ್ನ ಕಿವಿಮಾತು.

ಇಲ್ಲಿನ ನಮ್ಮ ಕನ್ನಡ ಸಂಘಕ್ಕೆ ಸಹ್ಯಾದ್ರಿ ಎಂದೇ ಹೆಸರು. ಆ ಸಹ್ಯಾದ್ರಿಯ ಆಗುಂಬೆಯಲ್ಲಿ ಸುರಿಯುವ ಮಳೆ ಚಿತ್ರದುರ್ಗ ಮುಟ್ಟದ ಹಾಗೆ, ಕಡಲಿನ ಮೋಡ ಕ್ಯಾಸ್ಕೇಡ್ ಬೆಟ್ಟಸಾಲಿನ ಈಚೆಗೇ ಬರಿದಾಗುತ್ತದೆ. ಯಾಕಿಮಾ ಊರಿಗೆ ವರ್ಷಕ್ಕೆ ಸಿಗುವುದು ಸುಮಾರು 8 ಇಂಚು ಮಳೆ. ಆದರೂ ನೀವು ತಿನ್ನುವ ಸೇಬು, ಚೆರ್‍ರಿ ಬೆಳೆಯುವುದು ಅಲ್ಲಿ. ಕೀಚೆಲಸ್, ಕಚೀಸ್, ಕ್ಲೀ ಎಲಮ್ ಸೇರಿ ಐದು ಜಲಾಶಯಗಳು ಆ ಕಣಿವೆಯನ್ನು ಸಾಕುತ್ತವೆ. ಬೆಟ್ಟದ ಹಿಮವನ್ನು ಅಲ್ಲಿಯವರು ಆರನೆಯ ಜಲಾಶಯ ಅನ್ನುತ್ತಾರೆ. 2015ರಲ್ಲಿ ಚಳಿಗಾಲ ಬೆಚ್ಚಗಾಗಿ, ಹಿಮವಾಗಬೇಕಿದ್ದದ್ದು ಮಳೆಯಾಗಿ ಹರಿದುಹೋಯಿತು. ಆ ಬೇಸಿಗೆ, ಉಳಿದವರಿಗಿಂತ ತಡವಾಗಿ ನೀರಿನ ಹಕ್ಕು ಪಡೆದಿದ್ದ ರೈತರಿಗೆ ಪಾಲಿನ ಅರ್ಧದಷ್ಟೂ ನೀರು ಸಿಗಲಿಲ್ಲ. ಸ್ಕೀ ಆಡಲು ಹಿಮದ ಲೆಕ್ಕ ನೋಡುತ್ತೀರಲ್ಲ, ಏಪ್ರಿಲ್ 1ಕ್ಕೆ ಬೆಟ್ಟದಲ್ಲಿ ಉಳಿದ ಹಿಮದ ಲೆಕ್ಕವನ್ನೂ ನೋಡಿ. ತೋಟದವರ ಕಣ್ಣು ಅದರ ಮೇಲೇ ಇರುತ್ತದೆ.

ಸೆಪ್ಟೆಂಬರ್ ಕೊನೆಗೆ ಕೀಚೆಲಸ್ ದಡಕ್ಕೆ ಹೋಗಿ. ನೀರು ತಳಕ್ಕಿಳಿದು, ಒಡೆದ ಕೆಸರಿನಲ್ಲಿ ಕಡಿದ ಮರಗಳ ಬೊಡ್ಡೆಗಳು ಬೂದು ಬಣ್ಣಕ್ಕೆ ತಿರುಗಿ ನಿಂತಿರುತ್ತವೆ. 1917ರಲ್ಲಿ ಅಣೆಕಟ್ಟೆ ಮುಗಿಯುವ ಮೊದಲು ಆ ದಡ ಕಾಡಾಗಿತ್ತು. ನಮ್ಮದು ಮುಳುಗಡೆಯ ಮನೆತನ. 1964ರ ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರಿನಡಿ ನಮ್ಮ ಅಡಿಕೆ ತೋಟವಿದೆ. ಬಿರುಬೇಸಿಗೆಯಲ್ಲಿ ಅದೇ ಹಿನ್ನೀರಿನಲ್ಲಿ ಮುಳುಗಿದ ಹಳೆಯ ಹಿರೇಭಾಸ್ಕರ ಅಣೆಕಟ್ಟೆ ಮೇಲೆದ್ದರೆ ಸಾಗರದ ಕಡೆಯವರು ನೋಡಲು ಹೋಗುತ್ತಾರೆ. ಅದಕ್ಕೇ ಕೀಚೆಲಸ್‌ನ ಬೊಡ್ಡೆಗಳನ್ನು ದಾಟಿ ಹೋಗುವುದು ನನ್ನಿಂದಾಗದು.

ಇಲ್ಲಿ ನೆಲೆ ಕಳೆದುಕೊಂಡದ್ದು ಮೀನೂ ಹೌದು. ಮೀನು ಏರಲು ದಾರಿ ಬಿಡದೆ ಕಟ್ಟೆ ಕಟ್ಟಿದ್ದರಿಂದ ಸಾಕ್‌ಐ ಸಾಲ್ಮನ್ ಯಾಕಿಮಾ ಕೊಳ್ಳದಿಂದಲೇ ಅಳಿಯಿತು. ಯಾಕಮಾ ಮೂಲನಿವಾಸಿಗಳಿಗೆ ಸಾಲ್ಮನ್ ಅಂದರೆ ಊಟವೂ ಹೌದು, ಪೂಜೆಯೂ ಹೌದು. ಅವರು ಕೈಚೆಲ್ಲಿ ಕೂರಲಿಲ್ಲ. 2009ರಿಂದ ಕೊಲಂಬಿಯಾ ನದಿಯಲ್ಲಿ ಹಿಡಿದ ಮೀನನ್ನು ಲಾರಿಯಲ್ಲಿ ತಂದು ಕ್ಲೀ ಎಲಮ್ ಸರೋವರಕ್ಕೆ ಬಿಡತೊಡಗಿದರು. ಕಳೆದುಹೋದದ್ದನ್ನು ಹೀಗೆ ಹಟ ಹಿಡಿದು ಮರಳಿ ತಂದವರು ನನಗೆ ಗೊತ್ತಿರುವಂತೆ ಕಡಿಮೆ. ಅವರ ಬಗ್ಗೆ ಓದಿ, ನಿಮ್ಮ ಮಕ್ಕಳಿಗೂ ಹೇಳಿ.

ಇನ್ನೊಂದು ಮಾತು, ಇದನ್ನು ಮಾತ್ರ ಖಂಡಿತ ಮರೆಯಬೇಡಿ. ಜೂನ್‌ನಲ್ಲಿ ಘಾಟಿಯ ಆಚೆ ಮೈಸುಡುವ ಬಿಸಿಲಿರುತ್ತದೆ, ಅಲ್ಲಿನ ಹೊಳೆಯಲ್ಲಿ ಹರಿಯುವುದು ಮಾತ್ರ ಅದೇ ತಾನೇ ಕರಗಿದ ಹಿಮ. ಧುಮುಕಿದೊಡನೆ ಉಸಿರು ಕಟ್ಟುತ್ತದೆ, ನಿಮಿಷಗಳಲ್ಲಿ ಕೈಕಾಲು ಸೋಲುತ್ತವೆ. ತುಂಗೆಯಲ್ಲಿ ಈಜಿ ಬೆಳೆದವರಿಗೂ ಅಲ್ಲಿ ಈಜು ಒದಗುವುದಿಲ್ಲ. ಲೈಫ್ ಜಾಕೆಟ್ ತೊಡದೆ ಯಾವ ಹೊಳೆಗೂ ಇಳಿಯಬೇಡಿ.