ತಂತಿಯ ಬೆಲೆ, ತಿಂಗಳ ಲೆಕ್ಕ

ಗಿಟಾರ್ ಕೊಳ್ಳುವಾಗ ಜನ ನಾಲ್ಕು ಅಂಗಡಿ ಸುತ್ತುತ್ತಾರೆ, ಗೊತ್ತಿದ್ದವರನ್ನು ಜೊತೆಗೆ ಕರೆದೊಯ್ಯುತ್ತಾರೆ, ಚೌಕಾಸಿ ಮಾಡುತ್ತಾರೆ. ತಂತಿ ಕೊಳ್ಳುವಾಗ ಮಾತ್ರ ಅಂಗಡಿಯವರು ಕೈಗಿಟ್ಟ ಪ್ಯಾಕೆಟ್ಟನ್ನೇ ತೆಗೆದುಕೊಂಡು ಬರುತ್ತಾರೆ. ಆದರೆ ಎಂಟು ಸಾವಿರದ ಗಿಟಾರನ್ನು ದಿನಾ ನುಡಿಸುವವರು ಮೂರು ವರ್ಷದಲ್ಲಿ ಹೆಚ್ಚುಕಡಿಮೆ ಅಷ್ಟೇ ದುಡ್ಡನ್ನು ತಂತಿಗೂ ಹಾಕಿರುತ್ತಾರೆ. ಒಟ್ಟಿಗೆ ಕೊಡುವುದಿಲ್ಲವಾದ್ದರಿಂದ ಅದು ಖರ್ಚು ಅನ್ನಿಸುವುದಿಲ್ಲ, ಅಷ್ಟೆ.

ಬೆಂಗಳೂರಿನ ಬಳೇಪೇಟೆಯ ವಾದ್ಯದ ಅಂಗಡಿಗಳಲ್ಲಿ ತಂತಿ ಕೇಳಿದರೆ ಸಾಮಾನ್ಯವಾಗಿ ಬರುವ ಮರುಪ್ರಶ್ನೆ, ‘ಸೆಟ್ ಕೊಡ್ಲಾ ಸಾರ್, ಬಿಡಿ ತಂತಿ ಸಾಕಾ?’ ಉತ್ತರಿಸುವ ಮುನ್ನ ಒಂದು ಕ್ಷಣ ಯೋಚಿಸಬೇಕು, ದುಡ್ಡು ಉಳಿಯುವುದು ಅಲ್ಲೇ. ಉಕ್ಕಿನ ತಂತಿಯ ಗಿಟಾರಿನಲ್ಲಿ ಹೆಚ್ಚಾಗಿ ಹರಿಯುವುದು ತೆಳುವಾದ ಮೊದಲನೆಯದು, ಆಮೇಲೆ ಎರಡನೆಯದು. ಇವೆರಡೂ ತವರ ಲೇಪಿಸಿದ ಬರೀ ಉಕ್ಕಿನ ತಂತಿಗಳು. ಅಕೌಸ್ಟಿಕ್ ಸೆಟ್ಟಿನದಾಗಲಿ, ಎಲೆಕ್ಟ್ರಿಕ್ ಸೆಟ್ಟಿನದಾಗಲಿ, ದಪ್ಪ ಒಂದೇ ಆಗಿದ್ದರೆ ವಸ್ತುವೂ ಒಂದೇ. ಹಾಗಾಗಿ ಯಾವ ಕಂಪನಿಯದಾದರೂ ನಡೆಯುತ್ತದೆ. ಕೆಲವು ರೂಪಾಯಿಯ ಬಿಡಿ ತಂತಿಯಲ್ಲಿ ಮುಗಿಯುವ ಕೆಲಸಕ್ಕೆ ಏಳುನೂರು ರೂಪಾಯಿಯ ಸೆಟ್ ಬೇಕಿಲ್ಲ. ಕೆಳಗಿನ ದಪ್ಪ ತಂತಿಗಳಲ್ಲೊಂದು ಹೋದರೆ ಮಾತ್ರ ಈ ಉಪಾಯ ಫಲಿಸುವುದಿಲ್ಲ. ಹಳೆಯ ಐದರ ನಡುವೆ ಹೊಸದೊಂದೇ ಕಿಣಿಕಿಣಿ ಅನ್ನುತ್ತದೆ, ಉಳಿದವು ಇನ್ನಷ್ಟು ಮಂಕಾಗಿ ಕೇಳುತ್ತವೆ. ಆಗ ಸೆಟ್ ಬದಲಿಸುವುದೇ ಸರಿ.

ಈ ದಪ್ಪ ತಂತಿಗಳನ್ನು ಬೆಳಕಿಗೆ ಹಿಡಿದು ನೋಡಿದರೆ ತಂತಿಯ ಆಯುಸ್ಸಿನ ಗುಟ್ಟು ಗೊತ್ತಾಗುತ್ತದೆ. ಒಳಗೆ ಉಕ್ಕಿನ ಎಳೆ, ಅದರ ಸುತ್ತ ಒತ್ತೊತ್ತಾಗಿ ಸುತ್ತಿದ ಕಂಚಿನ ಸಣ್ಣ ತಂತಿ. ಸುತ್ತುಗಳ ನಡುವಿನ ಸಂದಿಯಲ್ಲಿ ಬೆರಳಿನ ಬೆವರು, ಎಣ್ಣೆಯಂಶ, ಸತ್ತ ಚರ್ಮ, ಧೂಳು ಕೂರುತ್ತವೆ. ತಂತಿ ಭಾರವಾಗಿ, ಕಂಪನ ಕುಗ್ಗಿ, ನಾದ ಮುಚ್ಚಿಹೋಗುತ್ತದೆ. ತಂತಿಯ ಕೆಳಭಾಗದಲ್ಲಿ ಬೆರಳು ಆಡಿಸಿದರೆ ಫ್ರೆಟ್ ತಾಗುವ ಕಡೆಯೆಲ್ಲ ಸಣ್ಣ ತಗ್ಗುಗಳು ಸಿಗುತ್ತವೆ. ಅಷ್ಟು ಸವೆದ ಮೇಲೆ ಎಷ್ಟು ಶ್ರುತಿ ಮಾಡಿದರೂ ಮೇಲಿನ ಸ್ವರಗಳು ತಪ್ಪುತ್ತವೆ. ಹರಿಯುವವರೆಗೂ ಕಾಯುವುದು ಉಳಿತಾಯವಲ್ಲ. ಕಲಿಯುವ ಮಗುವಿನ ಕಿವಿಗೆ ದಿನವೂ ಅಪಸ್ವರ ಹಾಕಿದಂತೆ.

ಕಂಚಿನಲ್ಲೂ ಎರಡು ಬಗೆ. 80/20 ಎಂದು ಬರೆದಿದ್ದರೆ ನೂರಕ್ಕೆ 80 ಪಾಲು ತಾಮ್ರ, 20 ಪಾಲು ಸತು. ಮೊದಲ ದಿನಗಳಲ್ಲಿ ಇದರ ಹೊಳಪಿಗೆ ಸಾಟಿಯಿಲ್ಲ, ಆದರೆ ಆ ಹೊಳಪು ಬೇಗ ಇಳಿಯುತ್ತದೆ. ಫಾಸ್ಫರ್ ಬ್ರಾಂಜ್‌ನಲ್ಲಿ ತಾಮ್ರಕ್ಕೆ ತವರ ಮತ್ತು ತುಸು ರಂಜಕ ಬೆರೆತಿರುತ್ತದೆ. ಇದನ್ನು ಗಿಟಾರ್ ತಂತಿಗೆ ತಂದದ್ದು ಡಿ’ಅಡಾರಿಯೊ ಕಂಪನಿ, 1974ರಲ್ಲಿ. ನಾದ ಸ್ವಲ್ಪ ಮೃದು, ಬಾಳಿಕೆ ಹೆಚ್ಚು. ಎರಡರ ಬೆಲೆಯಲ್ಲಿ ಅಂಥ ವ್ಯತ್ಯಾಸವಿಲ್ಲದಿರುವಾಗ ಮನೆಯಲ್ಲಿ ನುಡಿಸುವವರಿಗೆ ಫಾಸ್ಫರ್ ಬ್ರಾಂಜೇ ವಾಸಿ ಎಂಬುದು ಈ ಅಂಕಣಕಾರನ ಅಭಿಪ್ರಾಯ.

ದೊಡ್ಡ ಪ್ರಶ್ನೆ ಬರುವುದು ಲೇಪನದ ತಂತಿಯಲ್ಲಿ. ಮಳೆಯ ಜಾಕೆಟ್ಟಿಗೆ ಬಳಸುವ ಗೋರ್-ಟೆಕ್ಸ್ ತಯಾರಿಸುವ ಅಮೆರಿಕದ ಡಬ್ಲ್ಯು. ಎಲ್. ಗೋರ್ ಕಂಪನಿ 1990ರ ದಶಕದಲ್ಲಿ ಎಲಿಕ್ಸಿರ್ ಹೆಸರಿನ ತಂತಿ ತಂದಿತು. ಸುತ್ತುಗಳ ಮೇಲೆ ತೆಳು ಪಾಲಿಮರ್ ಪದರ ಹಾಕಿ, ಸಂದಿಗೆ ಕೊಳೆ ಇಳಿಯದಂತೆ ಮಾಡುವುದು ಇದರ ತಂತ್ರ. ಈಗ ಬೇರೆ ಕಂಪನಿಗಳೂ ಇಂಥ ತಂತಿ ಮಾಡುತ್ತವೆ. ಬೆಲೆ ಮಾಮೂಲಿ ಸೆಟ್ಟಿನ ದುಪ್ಪಟ್ಟು.

ದುಪ್ಪಟ್ಟು ಕೊಡಬೇಕೇ? ಇದಕ್ಕೆ ಪ್ಯಾಕೆಟ್ಟಿನ ಬೆಲೆಯನ್ನಷ್ಟೇ ನೋಡಿದರೆ ಉತ್ತರ ಸಿಗದು. ಬೆಲೆಯನ್ನು ತಂತಿ ಚೆನ್ನಾಗಿ ನುಡಿಯುವ ತಿಂಗಳುಗಳಿಂದ ಭಾಗಿಸಬೇಕು. ಬೆಂಗಳೂರಿನ ಹವೆಯಲ್ಲಿ ಈ ಅಂಕಣಕಾರನ ಕೈಗೆ ಏಳುನೂರರ ಮಾಮೂಲಿ ಸೆಟ್ ಮೂರು ತಿಂಗಳು ಒದಗುತ್ತದೆ. ತಿಂಗಳಿಗೆ ಸುಮಾರು 233 ರೂಪಾಯಿ ಬಿತ್ತು. ಒಂದೂವರೆ ಸಾವಿರದ ಲೇಪನದ ಸೆಟ್ ಆರು ತಿಂಗಳು ಬಂದರೆ ತಿಂಗಳಿಗೆ 250. ಅಲ್ಲಿಗೆ ಎರಡೂ ಒಂದೇ. ಹೊಸ ತಂತಿಯ ಝೇಂಕಾರ ಇಷ್ಟಪಡುವವರು ಮಾಮೂಲಿಯನ್ನೇ ಕೊಳ್ಳಲಿ, ಬದಲಿಸುವ ರಗಳೆ ಬೇಡವೆನ್ನುವವರು ಲೇಪನದ್ದು ಕೊಳ್ಳಲಿ.

ಇದೇ ತಂತಿಯನ್ನು ಘಟ್ಟ ಇಳಿಸಿದರೆ ಲೆಕ್ಕ ತಲೆಕೆಳಗಾಗುತ್ತದೆ. ಅಂಕಣಕಾರನ ಗೆಳೆಯನೊಬ್ಬ ಮಂಗಳೂರಿನಲ್ಲಿ ಚರ್ಚಿನ ಗಾಯನವೃಂದಕ್ಕೆ ಗಿಟಾರ್ ನುಡಿಸುತ್ತಾನೆ. ಕಡಲ ಗಾಳಿ, ಸೆಖೆ, ಕೈತುಂಬ ಬೆವರು. ‘ಮಾಮೂಲಿ ಸೆಟ್ ಒಂದು ತಿಂಗಳು ಬಂದರೆ ದೊಡ್ಡದು ಮಾರಾಯ, ಮಳೆಗಾಲದಲ್ಲಿ ಅದೂ ಇಲ್ಲ’ ಎನ್ನುತ್ತಾನೆ. ಅಂದರೆ ತಿಂಗಳಿಗೆ ಏಳುನೂರು. ಲೇಪನದ ಸೆಟ್ ಅವನಿಗೆ ನಾಲ್ಕು ತಿಂಗಳು ಬರುತ್ತದೆ. ತಿಂಗಳಿಗೆ 375 ರೂಪಾಯಿ. ಬೆಂಗಳೂರಿನಲ್ಲಿ ಇಷ್ಟಾನಿಷ್ಟದ ಮಾತಾಗಿದ್ದು ಮಂಗಳೂರಿನಲ್ಲಿ ಖರ್ಚನ್ನು ಅರ್ಧದಷ್ಟು ಇಳಿಸುವ ಮಾತು. ಬೆವರು ಒಬ್ಬೊಬ್ಬರದು ಒಂದೊಂದು ಥರ. ಆದ್ದರಿಂದ ಇನ್ನೊಬ್ಬರ ಲೆಕ್ಕವನ್ನು ಹಾಗೇ ಎತ್ತಿಕೊಳ್ಳುವಂತಿಲ್ಲ. ತಂತಿ ಹಾಕಿದ ದಿನ ಪ್ಯಾಕೆಟ್ಟಿನ ಹಿಂದೆ ತಾರೀಕು ಬರೆದು ಗಿಟಾರಿನ ಚೀಲದಲ್ಲಿಟ್ಟರೆ ಒಂದೆರಡು ಸೆಟ್ ಮುಗಿಯುವಷ್ಟರಲ್ಲಿ ತಮ್ಮ ಅಂಕಿ ತಮಗೇ ಸಿಗುತ್ತದೆ.

ಆಯುಸ್ಸು ಹೆಚ್ಚಿಸುವ ಅತಿ ಅಗ್ಗದ ಸಾಧನ ಹಳೆಯ ಪಂಚೆಯ ತುಂಡು. ನುಡಿಸುವ ಮುನ್ನ ಕೈ ತೊಳೆದು, ನುಡಿಸಿದ ಮೇಲೆ ಪ್ರತಿ ತಂತಿಯನ್ನೂ ಬಟ್ಟೆಯಲ್ಲಿ ಹಿಡಿದು, ಕೆಳಭಾಗವೂ ಸೇರಿ, ಉದ್ದಕ್ಕೂ ಒರೆಸಿದರೆ ಸಾಕು. ತಂತಿಯನ್ನು ನೀರಲ್ಲಿ ಕುದಿಸಿ ಮತ್ತೆ ಹಾಕುವ ಪದ್ಧತಿಯೂ ಇದೆ. ಸಾವಿರಾರು ರೂಪಾಯಿಯ ಬೇಸ್ ಗಿಟಾರ್ ತಂತಿಗೆ ಅದು ಸರಿ, ಹೊಳಪು ಕೆಲಕಾಲ ಮರಳುತ್ತದೆ. ಆರು ತಂತಿಯ ಮಾಮೂಲಿ ಸೆಟ್ಟಿಗೆ ಗ್ಯಾಸಿನ ಖರ್ಚೂ ದಂಡ, ಬಿಚ್ಚಿ ಕಟ್ಟುವಾಗ ಹರಿಯುವ ಭಯ ಬೇರೆ.

ಕೆಲವರ ಗಿಟಾರಿನಲ್ಲಿ ತಿಂಗಳಿಗೊಮ್ಮೆ ಒಂದೇ ತಂತಿ, ಒಂದೇ ಜಾಗದಲ್ಲಿ ಹರಿಯುತ್ತದೆ. ಅವರು ಕಂಪನಿ ಬದಲಿಸುತ್ತಾ ಹೋಗುತ್ತಾರೆ. ಹರಿದ ತುದಿಯನ್ನು ಅದು ಇದ್ದ ಜಾಗಕ್ಕೆ ಹಿಡಿದು ನೋಡಬೇಕು. ಸ್ಯಾಡಲ್ ಹತ್ತಿರ ಹರಿದಿದ್ದರೆ ಅಲ್ಲೊಂದು ಚೂಪು ಅಂಚಿರುತ್ತದೆ. ಮೇಲೆ ಕೀಲಿಯ ಹತ್ತಿರವಾದರೆ ಕೀಲಿಯ ತೂತಿನ ಅಂಚು ಕೊಯ್ಯುತ್ತಿರುತ್ತದೆ. ಗಿಟಾರ್ ರಿಪೇರಿಯವರು ನಯವಾದ ಅರದಿಂದ ಒಮ್ಮೆ ಉಜ್ಜಿಕೊಟ್ಟರೆ ಆ ಖರ್ಚು ನಿಂತೇಹೋಗುತ್ತದೆ. ಎಷ್ಟು ದುಬಾರಿ ತಂತಿ ಹಾಕಿದರೂ ಆ ಅಂಚು ಬಿಡುವುದಿಲ್ಲ.

ಇನ್ನೂ ದೊಡ್ಡ ನಷ್ಟವಾಗುವುದು ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರಿಗೆ ಅಗ್ಗವೆಂದು ಉಕ್ಕಿನ ಸೆಟ್ ಹಾಕಿದಾಗ. 12ರಿಂದ 53ರ ಉಕ್ಕಿನ ಸೆಟ್, ಅಂದರೆ ಮೊದಲ ತಂತಿ ಇಂಚಿನ ಸಾವಿರ ಪಾಲಿನಲ್ಲಿ 12 ಪಾಲು ದಪ್ಪವಿರುವಂಥದ್ದು, ಶ್ರುತಿಯಾದಾಗ ಗಿಟಾರನ್ನು ಎಪ್ಪತ್ತು ಕಿಲೋಗೂ ಮಿಕ್ಕ ಬಲದಿಂದ ಎಳೆಯುತ್ತದೆ. ನೈಲಾನಿನ ಎಳೆತ ಅದರ ಅರ್ಧದ ಆಸುಪಾಸು. ಒಳಗಿನ ಮರದ ಪಟ್ಟಿಗಳು ಆ ಹಗುರ ಎಳೆತಕ್ಕೆಂದೇ ಮಾಡಿದವು. ಕೆಲವೇ ದಿನಗಳಲ್ಲಿ ಹಲಗೆ ಉಬ್ಬಿ, ಬ್ರಿಡ್ಜ್ ಕಿತ್ತು ಬರಬಹುದು. ರಿಪೇರಿಗೆ ಸಾವಿರಾರು ರೂಪಾಯಿ. ಕುತ್ತಿಗೆ ಅಗಲವಾಗಿದ್ದು, ಬ್ರಿಡ್ಜಿಗೆ ತಂತಿಯನ್ನು ಗಂಟು ಹಾಕುವಂತಿದ್ದರೆ ಅದು ನೈಲಾನ್ ಗಿಟಾರ್. ಉಕ್ಕಿನದರಲ್ಲೂ ಬೆರಳು ನೋಯುವ ಹೊಸಬರಿಗೆ 10ರಿಂದ 47ರ ತೆಳು ಸೆಟ್ ಇದೆ. ಬೆಲೆಯಲ್ಲಿ ಹೇಳುವಂಥ ವ್ಯತ್ಯಾಸವಿಲ್ಲ, ಅಭ್ಯಾಸ ಮಾತ್ರ ನಿಲ್ಲದೆ ಸಾಗುತ್ತದೆ.

ನಕಲಿಯ ಬಗ್ಗೆ ಎಚ್ಚರ ಬೇಕು. ಪಕ್ಕದ ಮನೆಯ ಹುಡುಗ ಆನ್‌ಲೈನಿನಲ್ಲಿ ತರಿಸಿದ ಡಿ’ಅಡಾರಿಯೊ ಹೆಸರಿನ ಪ್ಯಾಕೆಟ್ಟನ್ನು ಅಂಕಣಕಾರನಿಗೆ ತೋರಿಸಿದ. ಬೆಲೆ ಅಂಗಡಿಯ ಅರ್ಧಕ್ಕಿಂತ ಕಡಿಮೆ. ಆ ಕಂಪನಿಯ ಅಸಲಿ ಸೆಟ್ಟಿನಲ್ಲಿ ತಂತಿಯ ತುದಿಯ ಗುಂಡುಗಳಿಗೆ ಬಣ್ಣವಿರುತ್ತದೆ: ಮೊದಲನೆಯದು ಬೆಳ್ಳಿ, ಎರಡು ನೇರಳೆ, ಮೂರು ಹಸಿರು, ನಾಲ್ಕು ಕಪ್ಪು, ಐದು ಕೆಂಪು, ಆರು ಹಿತ್ತಾಳೆ. ಹುಡುಗನ ತಂತಿಗಳಲ್ಲಿ ಆರೂ ಗುಂಡುಗಳು ಹಿತ್ತಾಳೆಯವೇ. ಮೂರನೆಯ ತಂತಿ ಬಿಗಿಯುವಾಗಲೇ ಹರಿಯಿತು. ಪ್ಯಾಕೆಟ್ಟಿನೊಳಗೆ ಕಂಪನಿಯ ತಾಣದಲ್ಲಿ ದಾಖಲಿಸುವ ಸಂಕೇತವೂ ಇರುತ್ತದೆ. ಅದನ್ನು ಹಾಕಿ ನೋಡಿದರೆ ಅನುಮಾನ ಬಗೆಹರಿಯುತ್ತದೆ. ಮಾರಿದವರು ಹಣ ಮರಳಿಸಲು ಸತಾಯಿಸಿದರು. ಹುಡುಗ ಫೋಟೊ ತೆಗೆದಿಟ್ಟುಕೊಂಡಿದ್ದರಿಂದ ಕೊನೆಗೆ ಹಣ ಬಂತು.

ನಿಜವಾದ ರಿಯಾಯಿತಿ ಇರುವುದು ಮೂರು ಸೆಟ್ಟಿನ ಕಟ್ಟಿನಲ್ಲಿ. ಡಿ’ಅಡಾರಿಯೊ, ಎರ್ನಿ ಬಾಲ್ ಮುಂತಾದವು ಮೂರನ್ನು ಒಟ್ಟಿಗೆ ಮಾರುತ್ತವೆ, ಒಂದೊಂದರ ಬೆಲೆ ಬಿಡಿಯದಕ್ಕಿಂತ ಕಡಿಮೆ ಬೀಳುತ್ತದೆ. ಗಾಳಿಯಾಡದಂತೆ ಮುಚ್ಚಿದ ಪ್ಯಾಕೆಟ್ ಒಡೆಯದಿದ್ದರೆ ತಂತಿ ತುಕ್ಕು ಹಿಡಿಯದೆ ಬಹುಕಾಲ ಇರುತ್ತದೆ. ಅಷ್ಟೊಂದು ಬೇಡವೆನ್ನುವವರು ಸಂಗೀತ ತರಗತಿಯ ಇನ್ನಿಬ್ಬರೊಂದಿಗೆ ಹಂಚಿಕೊಳ್ಳಬಹುದು. ಅದರ ಜೊತೆಗೇ ಮೊದಲನೆಯ ಬಿಡಿ ತಂತಿಗಳನ್ನು ಒಂದೆರಡು ಕೇಳಿ ಇಟ್ಟುಕೊಂಡಿದ್ದರೆ, ಕಾರ್ಯಕ್ರಮದ ಹಿಂದಿನ ರಾತ್ರಿ ತಂತಿ ಹರಿದರೂ ಸಿಕ್ಕ ಬೆಲೆಗೆ ಸಿಕ್ಕ ಸೆಟ್ ತರಲು ಓಡಬೇಕಿಲ್ಲ.